ಡಿಕ್ಕಿ ಬೇರೆ, ಡಂಗುರ ಬೇರೆ

ಬೆಂಗಳೂರು ಹತ್ತಿರದ ವಿಜಯಪುರದ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಆರು ಹಳ್ಳಿಗಳಿಗೆ ಲೈನ್ ಎಳೆದು ಮುಗಿಸಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಮೆಕ್ಯಾನಿಕ್. ಕಂಬ ಹತ್ತುವುದು, ತಂತಿ ಬಿಗಿಯುವುದು, ಟೆಲಿಫೋನ್ ಡಬ್ಬ ಬಿಚ್ಚಿ ರಿಪೇರಿ ಮಾಡುವುದು ನನ್ನ ಕೆಲಸ. ಹದಿನಾಲ್ಕು ಮೈಲಿ ಉದ್ದಕ್ಕೂ ಹಳ್ಳಿಯವರೇ ಗುಂಡಿ ತೋಡಿ, ನೀಲಗಿರಿ ಕಂಬ ಹೊತ್ತು ತಂದು ನಿಲ್ಲಿಸಿಕೊಟ್ಟಿದ್ದರು. ತಂತಿ ಮಾತ್ರ ಇಲಾಖೆಯದು.

ಆರು ಊರಿಗೂ ಸೇರಿ ಒಂದೇ ಜೋಡಿ ತಂತಿ. ಮೊದಲ ಊರಿನ ಅಂಗಡಿ, ಎರಡನೆಯದರ ಪಂಚಾಯ್ತಿ ಕಚೇರಿ, ಮೂರನೆಯದರ ರೇಷ್ಮೆ ಸೊಸೈಟಿ, ನಾಲ್ಕನೆಯದರ ಅಂಚೆ ಮನೆ, ಐದನೆಯದರ ಚೇರ್ಮನ್ನರ ಜಗಲಿ, ಕೊನೆಗೆ ಆರನೇ ಊರಿನ ನರ್ಸಮ್ಮನ ಕೋಣೆ. ಒಂದೊಂದು ಕಡೆಗೂ ಒಂದೊಂದು ಮರದ ಡಬ್ಬ. ಡಯಲ್ ಗಿಯಲ್ ಇರಲಿಲ್ಲ. ಡಬ್ಬದ ಪಕ್ಕದ ಹಿಡಿ ತಿರುಗಿಸಿದರೆ ಲೈನಿನಲ್ಲಿದ್ದ ಎಲ್ಲ ಡಬ್ಬಗಳ ಗಂಟೆಯೂ ಬಡಿದುಕೊಳ್ಳುತ್ತಿತ್ತು. ಕರೆ ಯಾರಿಗೆ ಎನ್ನುವುದನ್ನು ಗಂಟೆ ಎಣಿಸಿ ತಿಳಿಯಬೇಕು. ಉದ್ದನೆಯದು ಒಂದು ಬಾರಿಸಿದರೆ ಎಕ್ಸ್‌ಚೇಂಜಿಗೆ. ಗಿಡ್ಡ ಒಂದಾದರೆ ಮೊದಲ ಊರು, ಗಿಡ್ಡ ಎರಡಾದರೆ ಎರಡನೇ ಊರು, ಹೀಗೆ ಗಿಡ್ಡ ಆರರವರೆಗೆ.

ಆ ಭಾಗದ ಇಂಜಿನಿಯರ್ ಸಾಹೇಬರಿಗೆ ಈ ಲೈನ್ ಮೊದಲಿಂದಲೂ ಇಷ್ಟವಿರಲಿಲ್ಲ. ತಂತಿಗೆ ಬರಗಾಲ ಬಂದಿದ್ದ ಕಾಲ. ಹೊಸಕೋಟೆ ಬದಿಯ ಕಾರ್ಖಾನೆಯವರು ಟೆಲಿಫೋನಿಗೆ ಕಾದು ಕೂತಿದ್ದರು.

"ಮೂರು ತಿಂಗಳು ನೋಡ್ತೀನಿ. ಅಷ್ಟರಲ್ಲಿ ಲೈನ್ ನೆಟ್ಟಗೆ ಕೆಲಸ ಮಾಡ್ಲಿಲ್ಲ ಅಂದ್ರೆ ನೀನೇ ತಂತಿ ಸುತ್ತಿ ವಾಪಸ್ ತಂದುಕೊಡ್ಬೇಕು, ಗೊತ್ತಾಯ್ತಾ?" ಅಂದರು. ನಾನು "ಆಯ್ತು ಸಾರ್" ಅಂದೆ. ಅಷ್ಟು ಜಂಬ ನನಗೆ.

ಕೊನೆಯ ಊರಿನಲ್ಲಿ ಡಬ್ಬ ಕೂರಿಸುವಾಗ ನರ್ಸಮ್ಮ ಪಕ್ಕದಲ್ಲೇ ನಿಂತು ಒಂದೊಂದು ಮೊಳೆಯನ್ನೂ ನೋಡಿದರು. ನಲವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಹೋದ ವರ್ಷ ಅವರು ಹೆರಿಗೆ ಕಷ್ಟವಾದ ಒಬ್ಬಳನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ವಿಜಯಪುರದ ಆಸ್ಪತ್ರೆಗೆ ಹೊರಟಿದ್ದರಂತೆ. ಗಾಡಿ ಅರ್ಧ ದಾರಿ ಮುಟ್ಟುವಷ್ಟರಲ್ಲಿ ಮಗು ಹೋಗಿತ್ತು. "ಆಸ್ಪತ್ರೇಲಿ ಜೀಪು ಸುಮ್ನೆ ನಿಂತಿತ್ತು ಕಣಪ್ಪ. ಕರೆಯೋರಿಲ್ದೆ ನಿಂತಿತ್ತು" ಅಂದರು. ಅವರಿಗೆ ಟೆಲಿಫೋನ್ ಅಂದರೆ ಆ ಜೀಪು, ಬೇರೇನಲ್ಲ.

ಲೈನ್ ಶುರುವಾಗಿ ಹತ್ತು ದಿನಕ್ಕೆ ದೂರುಗಳು ಬಂದವು. ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ, ಅಂದರೆ ರೇಷ್ಮೆಗೂಡಿನ ಮಾರುಕಟ್ಟೆಯ ಹೊತ್ತಿನಲ್ಲಿ, ಯಾರ ಮಾತು ಯಾರಿಗೂ ಕೇಳುವುದಿಲ್ಲ ಎಂದು. ನಾನು ಎಕ್ಸ್‌ಚೇಂಜಿನಲ್ಲಿ ಕೂತು ರಿಸೀವರ್ ಕಿವಿಗೆ ಹಚ್ಚಿ ನೋಡಿದೆ. ಅಂಗಡಿಯವನು ರೇಟು ಕೇಳುತ್ತಿದ್ದಾನೆ, ಅದರ ನಡುವೆ ಪಂಚಾಯ್ತಿಯವನು ಹಿಡಿ ತಿರುಗಿಸಿ ಕಿವಿ ಒಡೆಯುವ ಹಾಗೆ ಗಂಟೆ ಹೊಡೆಯುತ್ತಿದ್ದಾನೆ, ಇಬ್ಬರ ಮಾತೂ ಒಂದಕ್ಕೊಂದು ಡಿಕ್ಕಿ ಹೊಡೆದು ಎರಡೂ ಪುಡಿಯಾಗುತ್ತಿವೆ. ಆಮೇಲೆ ಇಬ್ಬರೂ "ಹಲೋ ಹಲೋ" ಎಂದು ನಿಲ್ಲಿಸುತ್ತಾರೆ. ಒಂದು ಕ್ಷಣ ಬಿಟ್ಟು ಇಬ್ಬರೂ ಒಟ್ಟಿಗೇ ಶುರು ಮಾಡಿ ಮತ್ತೆ ಡಿಕ್ಕಿ ಹೊಡೆಯುತ್ತಾರೆ. ಎಕ್ಸ್‌ಚೇಂಜಿನ ಆಪರೇಟರಮ್ಮ ಹಣೆ ಒತ್ತಿಕೊಂಡು, "ಇದು ಲೈನಲ್ಲ, ಸಂತೆ" ಅಂದರು.

ರೋಗ ಗೊತ್ತಾಯಿತು ಅಂದುಕೊಂಡೆ. ಮದ್ದನ್ನೂ ನಾನೇ ಅರೆದೆ. ಸೈಕಲ್ ಹತ್ತಿ ಆರು ಊರಿಗೂ ಹೋಗಿ ಕಟ್ಟಳೆ ಹೇಳಿಕೊಟ್ಟೆ. ರಿಸೀವರ್ ಎತ್ತಿದ ಕೂಡಲೇ ಹಿಡಿ ತಿರುಗಿಸಬಾರದು, ಮೊದಲು ಕಿವಿಗಿಟ್ಟು ಕೇಳಬೇಕು. ಯಾರಾದರೂ ಮಾತಾಡುತ್ತಿದ್ದರೆ ಇಳಿಸಿಬಿಡಬೇಕು. ಹಾಗೂ ಇಬ್ಬರು ಒಟ್ಟಿಗೇ ಬಿದ್ದರೆ ಇಬ್ಬರೂ ಇಳಿಸಿ, ಎಣಿಸಿ, ಆಮೇಲೆ ಎತ್ತಬೇಕು. ಎಲ್ಲರೂ ಒಂದೇ ಲೆಕ್ಕ ಎಣಿಸಿದರೆ ಮತ್ತೆ ಒಟ್ಟಿಗೇ ಬೀಳುತ್ತಾರೆ, ಹಾಗಾಗಿ ಊರಿಗೊಂದು ಲೆಕ್ಕ ಕೊಟ್ಟೆ. ಮೊದಲ ಊರು ಹತ್ತರ ತನಕ, ಎರಡನೆಯದು ಇಪ್ಪತ್ತರ ತನಕ, ಕೊನೆಯದು ಅರವತ್ತರ ತನಕ.

ನರ್ಸಮ್ಮ ಕೇಳಿಸಿಕೊಂಡು ಸೊಂಟದ ಮೇಲೆ ಕೈಯಿಟ್ಟರು.

"ಏನಪ್ಪಾ, ಕೊನೇ ಊರು ಅಂತ ಎಣಿಸೋದ್ರಲ್ಲೂ ನಾವೇ ಕೊನೇಲಿರ್ಬೇಕಾ? ಅಂಗಡಿಯೋನ್ ಬೆಲ್ಲದ ರೇಟ್ ಕೇಳ್ಲಿ ಅಂತ ನಾನು ಅರವತ್ತು ಎಣಿಸ್ಕೊಂಡು ಕೂತಿರ್ಲಾ?"

ಸರಿಯಾದ ಮಾತು. ಅಲ್ಲೇ ಲೆಕ್ಕ ತಿರುವಿಹಾಕಿದೆ. ನರ್ಸಮ್ಮನಿಗೆ ಹತ್ತು, ಅಂಗಡಿಯವನಿಗೆ ಅರವತ್ತು. ಅಂಗಡಿಯವನು ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಆದರೆ ಡಿಕ್ಕಿ ಹೆಚ್ಚುಕಡಿಮೆ ನಿಂತೇಹೋಯಿತು. ನಾನು ಮೀಸೆ ತಿರುವಿಕೊಂಡು ಓಡಾಡಿದೆ.

ಮೀಸೆ ಇಳಿಯಲು ಬಹಳ ದಿನ ಹಿಡಿಯಲಿಲ್ಲ. ನರ್ಸಮ್ಮ ಬಸ್ಸು ಹತ್ತಿ ಎಕ್ಸ್‌ಚೇಂಜಿಗೇ ಬಂದುಬಿಟ್ಟರು. ಆ ದಿನ ಬೆಳಗ್ಗೆ ಹತ್ತು ಗಂಟೆಗೆ ಉದ್ದ ಗಂಟೆ ಕೊಟ್ಟೂ ಕೊಟ್ಟೂ ತೋಳು ಸೋತಿತ್ತಂತೆ. ಎಕ್ಸ್‌ಚೇಂಜಿನಲ್ಲಿ ಗಂಟೆ ಬಡಿದಿರಲಿಲ್ಲ, ಕರೆ ಬಂದರೆ ಬೀಳಬೇಕಾದ ಶಟರೂ ಬಿದ್ದಿರಲಿಲ್ಲ. ಒಂದೆರಡು ಸಲ ಆಪರೇಟರಮ್ಮ ತಾವಾಗಿ ಎತ್ತಿದ್ದರೂ ನರ್ಸಮ್ಮನ ದನಿ ಬಾವಿಯ ತಳದಿಂದ ಬಂದ ಹಾಗೆ ಬಂದಿತ್ತು. ಪುಣ್ಯಕ್ಕೆ ಅವತ್ತು ತುರ್ತಿನದೇನೂ ಇರಲಿಲ್ಲ.

"ನಿನ್ ತಂತಿ ಬಟ್ಟೆ ಒಣಗಾಕಾಕೆ ಸರಿಯಾಗೈತೆ ಕಣಪ್ಪ. ಜೀಪು ಕರೆಯಾಕಲ್ಲ" ಅಂದರು ಎಲ್ಲರೆದುರಿಗೆ. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

ಸಾಹೇಬರ ಗಡುವಿಗೆ ಇನ್ನೂ ಏಳು ವಾರ ಉಳಿದಿತ್ತು. ಹದಿನಾಲ್ಕು ಮೈಲಿಯನ್ನೂ ನಡೆದೇ ನೋಡಿದೆ. ತುಕ್ಕು ಹಿಡಿದ ಕೀಲುಗಳನ್ನು ಉಜ್ಜಿ ಹೊಸದಾಗಿ ಬಿಗಿದೆ. ತಂತಿಗೆ ತಾಗುತ್ತಿದ್ದ ಹೊಂಗೆ ಕೊಂಬೆ ಕಡಿಸಿದೆ. ಕಂಬದ ಮೇಲೆ ತಂತಿ ಕಟ್ಟುವ ಪಿಂಗಾಣಿ ಬಟ್ಟಲು ಒಡೆದಿದ್ದಲ್ಲೆಲ್ಲ ಬದಲಾಯಿಸಿದೆ. ಡಬ್ಬಗಳ ಸೆಲ್ ಎಲ್ಲ ಹೊಸದು ಹಾಕಿದೆ. ಮಧ್ಯಾಹ್ನ ಎರಡು ಗಂಟೆಗೆ ಕೊನೆಯ ಊರಿನಿಂದ ಹಿಡಿ ತಿರುಗಿಸಿದರೆ ಎಕ್ಸ್‌ಚೇಂಜಿನಲ್ಲಿ ಗಂಟೆ ಖಣಖಣ, ಮಾತು ಪಕ್ಕದಲ್ಲಿ ಕೂತು ಆಡಿದ ಹಾಗೆ. ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ಅದೇ ತಂತಿ, ಅದೇ ಡಬ್ಬ, ಆದರೆ ಗಂಟೆಯಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ ಎಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು.

ತಿಳಿದದ್ದು ಮೂರನೇ ಊರಿನ ಸೊಸೈಟಿಯಲ್ಲಿ. ಸೆಕ್ರೆಟರಿ ಕೊಟ್ಟ ಕಾಫಿ ಕುಡಿಯುತ್ತಾ ಕೂತಿದ್ದೆ. ಗಂಟೆ ಬಡಿಯಿತು. ಗಿಡ್ಡ ನಾಲ್ಕು, ಅಂಚೆ ಮನೆಗೆ. ಸೆಕ್ರೆಟರಿ ಎದ್ದು ಹೋಗಿ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡು ಸುಮ್ಮನೆ ನಿಂತರು.

"ಅದು ನಿಮಗಲ್ವಲ್ಲ ಸ್ವಾಮಿ?"

ಅವರು ರಿಸೀವರನ್ನು ಕೈಯಿಂದ ಮುಚ್ಚಿ, ನನಗೆ ಬುದ್ಧಿ ಹೇಳುವ ದನಿಯಲ್ಲಿ ಅಂದರು: "ಮನೆ ಮುಂದೆ ಬಂದು ಕೂಗಿದ್ರೆ, ನನ್ನಲ್ಲ ಪಕ್ಕದೋರ್ನ ಅಂತ ಒಳಗೇ ಕೂತ್ಕೊಳಾಕಾಯ್ತದಾ? ಎದ್ದು ಬಂದು ಏನು ಅಂತ ಕೇಳ್ಬೇಕಲ್ವಾ? ಹೆಚ್ಚುಕಮ್ಮಿ ಇದ್ರೆ ಕೈ ಹಾಕ್ಬೇಕಲ್ವಾ?"

ನಾನು ಅವರ ಕೈಯಿಂದ ರಿಸೀವರ್ ತೆಗೆದುಕೊಂಡು ಆಲಿಸಿದೆ. ಅಂಚೆಯವನ ಮಾತು ತೆಳ್ಳಗೆ ಕೇಳುತ್ತಿತ್ತು. ಅದರ ಹಿಂದೆ ಉಸಿರಾಟ, ಎಲ್ಲೋ ಒಂದು ಕೆಮ್ಮು, ಚೇರ್ಮನ್ನರ ಜಗಲಿಯ ಕೋಳಿ. ಯಾರೂ ನಡುವೆ ಬಾಯಿ ಹಾಕುತ್ತಿರಲಿಲ್ಲ. ನನ್ನ ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು, ಪಾಪ. ಆದರೆ ಆರು ಊರಿನವರೂ ಎತ್ತಿಕೊಂಡು ನಿಂತಿದ್ದರು.

ಎತ್ತಿದ ಒಂದೊಂದು ರಿಸೀವರೂ ಲೈನಿನಿಂದ ತನ್ನ ಪಾಲು ಹೀರುತ್ತದೆ. ಒಂದೇ ಕಾಲುವೆಗೆ ಐದು ಕಡೆ ತೂಬು ತೆಗೆದರೆ ಕೊನೆಯ ಗದ್ದೆಗೆ ನೀರೆಲ್ಲಿ ಹೋಗಬೇಕು? ನರ್ಸಮ್ಮ ಹಿಡಿ ತಿರುಗಿಸಿದ ಕೂಡಲೇ ಐದು ಊರಿನಲ್ಲಿ ಗಂಟೆ ಬಡಿದು, ಐದು ಜನ ಮರ್ಯಾದೆಯಿಂದ ಎದ್ದು ಬಂದು ಎತ್ತುತ್ತಿದ್ದರು. ಅವರ ಗಂಟೆಯನ್ನು ಇವರೇ ದಾರಿಯಲ್ಲಿ ಕುಡಿದು ಮುಗಿಸುತ್ತಿದ್ದರು. ಮಾರುಕಟ್ಟೆ ಮುಗಿದ ಮೇಲೆ ಡಬ್ಬದ ಹತ್ತಿರ ಯಾರೂ ಇರುತ್ತಿರಲಿಲ್ಲ, ಅದಕ್ಕೇ ಮಧ್ಯಾಹ್ನ ಎರಡಕ್ಕೆ ಲೈನ್ ನೆಟ್ಟಗಿರುತ್ತಿತ್ತು.

ಎಷ್ಟೋ ವರ್ಷದ ಮೇಲೆ ಒಂದು ತರಬೇತಿಯಲ್ಲಿ, ಒಂದೇ ತಂತಿಗೆ ಹತ್ತಾರು ಕಂಪ್ಯೂಟರ್ ಕಟ್ಟುವ ಪಾಠ ಮಾಡುತ್ತಿದ್ದ ಹುಡುಗ ಮೇಷ್ಟ್ರು ಕೊಲಿಷನ್‌ಗೂ ಬ್ರಾಡ್‌ಕಾಸ್ಟ್‌ಗೂ ಏನು ವ್ಯತ್ಯಾಸ ಎಂದು ಕೇಳಿದರು. ಇಡೀ ತರಗತಿಯಲ್ಲಿ ಕೈ ಎತ್ತಿದವನು ತಲೆ ನರೆತ ನಾನೊಬ್ಬನೇ. ಇಬ್ಬರು ಒಟ್ಟಿಗೆ ಮಾತಾಡಿ ಇಬ್ಬರದೂ ಕೆಡುವುದು ಡಿಕ್ಕಿ. ಒಬ್ಬನೇ ಮಾತಾಡಿ, ಬೇಕಾದವರು ಬೇಡದವರು ಎಲ್ಲರೂ ಎದ್ದು ಬಂದು ಕೇಳಬೇಕಾಗುವುದು ಡಂಗುರ. ಡಿಕ್ಕಿಯಲ್ಲಿ ಮಾತು ಸಾಯುತ್ತದೆ. ಡಂಗುರ ಸರಿಯಾಗಿಯೇ ತಲುಪುತ್ತದೆ, ಅದು ಅತಿಯಾದಾಗ ಮಾತ್ರ ಊರಿನ ಬೇರೆ ಕೆಲಸ ನಿಲ್ಲುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಇದನ್ನು ನಾನು ಸೊಸೈಟಿಯ ಬೆಂಚಿನ ಮೇಲೆ ಕಲಿತಿದ್ದೆ.

ಕಲಿತೆ ಅಂದೆ, ಆದರೆ ಕೂಡಲೇ ಇನ್ನೊಂದು ಎಡವಟ್ಟು ಮಾಡಿದೆ. ಸಿಟ್ಟಿನಲ್ಲಿ ಆರು ಚೀಟಿ ಬರೆದು ಆರು ಡಬ್ಬದ ಮೇಲೂ ಅಂಟಿಸಿದೆ: "ನಿಮ್ಮ ಗಂಟೆ ಅಲ್ಲದಿದ್ದರೆ ಮುಟ್ಟಬೇಡಿ." ಚೇರ್ಮನ್ನರು ಚೀಟಿ ಓದಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನನ್ನ ಜಗಲಿ ಮೇಲೆ ಬಡ್ಕೊಳೋ ಗಂಟೆಗೆ ನಾನು ಓ ಅನ್ಬಾರ್ದಾ? ಆಯ್ತು ಬಿಡಪ್ಪ. ಇನ್ ಮೇಲೆ ಮುಟ್ಟಿದ್ರೆ ಕೇಳು."

ಹೇಳಿದ ಹಾಗೇ ಮಾಡಿದರು. ಎಲ್ಲ ಊರಿನವರೂ ಮುನಿಸಿಕೊಂಡರು. ತಮ್ಮ ಗಂಟೆ ಬಡಿದರೂ ಎರಡು ಸಲ ಯೋಚಿಸಿ ಎತ್ತತೊಡಗಿದರು. ಆ ವಾರ ಒಂದು ದಿನ ಗೂಡಿನ ಮಾರುಕಟ್ಟೆಗೆ ದಿಢೀರ್ ರಜೆ ಹಾಕಿದರು. ಆಪರೇಟರಮ್ಮ ಎಲ್ಲರಿಗೂ ತಿಳಿಸಲು ಹಿಡಿಯನ್ನು ಬಿಡದೆ ತಿರುಗಿಸಿದರು, ಎಣಿಕೆಯಿಲ್ಲದ ಗಂಟೆ. ಯಾರೊಬ್ಬರೂ ಎತ್ತಲಿಲ್ಲ. ಚೀಟಿಯಲ್ಲಿ ಹಾಗೇ ಬರೆದಿತ್ತಲ್ಲ. ಮೂರು ಊರಿನ ಗಾಡಿಗಳು ಗೂಡು ತುಂಬಿಕೊಂಡು ಬಂದು ಮುಚ್ಚಿದ ಬಾಗಿಲ ಮುಂದೆ ನಿಂತವು. ಬಿಸಿಲಿಗೆ ಗೂಡು ಒಡೆದು ಚಿಟ್ಟೆ ಹೊರಬಂದರೆ ಆ ಗೂಡು ನೂಲಿಗೆ ಬಾರದು. ಗಾಡಿಯವರು ಗೋಣಿ ನೆನೆಸಿ ಹೊದಿಸುತ್ತಾ ನನ್ನ ವಂಶವನ್ನೆಲ್ಲ ನೆನೆದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಪಾಡು ನನ್ನದಾಗಿತ್ತು.

ಅಲ್ಲೇ, ಆ ಗಾಡಿಗಳ ನಡುವೆ ನಿಂತಾಗ, ನನಗೆ ನಮ್ಮೂರಿನ ಡಂಗುರದವನು ನೆನಪಾದ. ಅವನು ತಮಟೆ ಬಡಿದು ಬೀದಿಯಲ್ಲಿ ಬಂದರೆ ಎಲ್ಲರೂ ಹೊಸಿಲಿಗೆ ಬರುತ್ತಿದ್ದರು. ಅದಕ್ಕೆ ಅದರದೇ ಸದ್ದು, ಅದರದೇ ಹೊತ್ತು. ಡಂಗುರ ಕೇಳಿ ಮುಗಿದ ಮೇಲೆ ದಿನವಿಡೀ ಯಾರೂ ಬಾಗಿಲಲ್ಲಿ ಕಾಯುತ್ತಿರಲಿಲ್ಲ. ನನ್ನ ಲೈನಿನವರು ಪ್ರತಿ ಗಂಟೆಗೂ ಎದ್ದು ಬರುತ್ತಿದ್ದದ್ದು ಡಂಗುರವೇ ಇಲ್ಲದ್ದರಿಂದ. ರೇಟು, ರಜೆ, ಡಾಕ್ಟರು ಬರುವ ದಿನ, ಯಾವುದೂ ಅವರಿಗೆ ಬೇರೆ ದಾರಿಯಲ್ಲಿ ಸಿಗುತ್ತಿರಲಿಲ್ಲ, ಪಕ್ಕದವರ ಮಾತಿನಿಂದ ಹೆಕ್ಕಿಕೊಳ್ಳಬೇಕಿತ್ತು. ಡಂಗುರವನ್ನು ನಿಲ್ಲಿಸುವುದಲ್ಲ, ಅದಕ್ಕೊಂದು ಹೊತ್ತು ಕೊಡಬೇಕು ಎಂದು ತೀರ್ಮಾನ ಮಾಡಿದೆ.

ಚೀಟಿಗಳನ್ನು ನಾನೇ ಕಿತ್ತು ಹಾಕಿದೆ. ಚೇರ್ಮನ್ನರ ಜಗಲಿಯಲ್ಲಿ ನಿಂತು "ತಪ್ಪಾಯ್ತು ಸ್ವಾಮಿ" ಅಂದೆ. ನನ್ನ ಬಾಯಿಂದ ಆ ಮಾತು ಸುಲಭಕ್ಕೆ ಬರುವಂಥದ್ದಲ್ಲ. ಅವರು ಮಜ್ಜಿಗೆ ಕೊಡಿಸಿದರು. ಆಮೇಲೆ ಆರು ಊರಿಗೂ ಹೊಸ ಕಟ್ಟಳೆ ಹೇಳಿದೆ. ದಿನಾ ಬೆಳಗ್ಗೆ ಒಂಬತ್ತಕ್ಕೆ ಆಪರೇಟರಮ್ಮ ಬಿಡದೆ ಗಂಟೆ ಕೊಡುತ್ತಾರೆ, ಆಗ ಎಲ್ಲರೂ ಎತ್ತಬೇಕು, ಮಾತಾಡುವ ಕಡೆಯನ್ನು ಅಂಗೈಯಿಂದ ಮುಚ್ಚಿ ಕೇಳಬೇಕು. ಊರಿಗೆ ಬೇಕಾದ ಸುದ್ದಿಯನ್ನೆಲ್ಲ ಅವರು ಎರಡೆರಡು ಸಲ ಹೇಳುತ್ತಾರೆ. ಆಮೇಲೆ ಇಡೀ ದಿನ ನಿಮ್ಮ ಗಂಟೆಗೆ ಮಾತ್ರ ನೀವು. ಇಷ್ಟು ಹೇಳಿದ್ದಕ್ಕೆ ಎಲ್ಲರೂ ಒಪ್ಪಿದರು. ಎಲ್ಲರೂ ಎತ್ತಿದರೂ ದನಿ ಕೊನೆಯ ಊರು ಮುಟ್ಟಲೆಂದು ಎಕ್ಸ್‌ಚೇಂಜಿನ ಕಡೆ ಒಂದು ಸೆಲ್ ಹೆಚ್ಚಿಗೆ ಹಾಕಿದೆ.

ಇನ್ನೊಂದು ಕೆಲಸ ಉಳಿದಿತ್ತು. ಮನುಷ್ಯರು ಮರೆಯುತ್ತಾರೆ, ಯಾರಾದರೂ ಎತ್ತಿ ನಿಂತಿದ್ದರೂ ನರ್ಸಮ್ಮನ ಗಂಟೆ ದಾಟಬೇಕು. ರಿಸೀವರಿಗೆ ಒಂದು ಕಂಡೆನ್ಸರ್ ಸೇರಿಸಿದರೆ ಮಾತು ಅದರೊಳಗಿಂದ ನುಸುಳುತ್ತದೆ, ಗಂಟೆಯ ಕರೆಂಟನ್ನು ಅದು ತಡೆದು ಮುಂದಕ್ಕೆ ಕಳಿಸುತ್ತದೆ. ಕಂಡೆನ್ಸರ್ ಬೇಕೆಂದು ಇಂಡೆಂಟ್ ಬರೆದರೆ ಬರುವಷ್ಟರಲ್ಲಿ ಮೂರು ತಿಂಗಳು ಮುಗಿದಿರುತ್ತಿತ್ತು. ಬೆಂಗಳೂರಿನ ಸ್ಟೋರಿನಲ್ಲಿ ಹಳೆಯ, ಕೆಲಸಕ್ಕೆ ಬಾರದೆಂದು ಕಂಡಮ್ ಮಾಡಿದ ಟೆಲಿಫೋನುಗಳು ರಾಶಿ ಬಿದ್ದಿದ್ದವು. ಸ್ಟೋರಿನವನಿಗೆ ಹೇಳಿಯೇ ಆರು ಕಂಡೆನ್ಸರ್ ಬಿಚ್ಚಿಕೊಂಡೆ. ಅವನು "ನಾನು ನೋಡಿಲ್ಲ ಗುರು" ಎಂದು ಆ ಕಡೆ ತಿರುಗಿ ಕೂತ. ಸಿಕ್ಕಿಬಿದ್ದರೆ ನನ್ನ ಕೆಲಸಕ್ಕೇ ಸಂಚಕಾರ. ಆದರೂ ತೆಗೆದುಕೊಂಡು ಹೋಗಿ ಆರು ಡಬ್ಬಕ್ಕೂ ಕೂರಿಸಿದೆ. ಬಟ್ಟೆ ಒಣಗಾಕುವ ತಂತಿ ಎಂಬ ಮಾತು ಇನ್ನೂ ನನ್ನ ಎದೆಯಲ್ಲಿ ಚುಚ್ಚುತ್ತಿತ್ತು.

ಮೂರು ತಿಂಗಳು ತುಂಬಿದ ದಿನ ಸಾಹೇಬರು ಜೀಪಿನಲ್ಲಿ ಬಂದರು. ಹಿಂದಿನ ಸೀಟಿನಲ್ಲಿ ತಂತಿ ಸುತ್ತುವ ಖಾಲಿ ಉರುಳೆ ಇತ್ತು. ನೇರ ಕೊನೆಯ ಊರಿಗೇ ಹೋಗೋಣ, ಹತ್ತು ಗಂಟೆಗೇ ಪರೀಕ್ಷೆ ಮಾಡೋಣ ಅಂದರು. ಮೊದಲು ಡಬ್ಬ ಬಿಚ್ಚಿಸಿದರು. ಕಣ್ಣು ಚುರುಕು ಅವರದು.

"ಈ ಕಂಡೆನ್ಸರ್ ನಮ್ಮ ಡಬ್ಬದ್ದಲ್ಲ. ಎಲ್ಲಿಂದ ಬಂತು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕಂಡಮ್ ರಾಶಿಯಿಂದ ಬಿಚ್ಚಿದ್ದು ಸಾರ್. ಇಂಡೆಂಟ್ ಹಾಕಿಲ್ಲ" ಅಂದೆ.

ಅವರು ರಿಸೀವರ್ ಎತ್ತಿ, ಅಧಿಕಾರಿಯ ಅಭ್ಯಾಸದಂತೆ ಕೂಡಲೇ ಹಿಡಿಗೆ ಕೈ ಹಾಕಿದರು. ನರ್ಸಮ್ಮ ಆ ಕೈಯನ್ನೇ ಹಿಡಿದುಬಿಟ್ಟರು.

"ಮೊದ್ಲು ಕೇಳಿ ಸ್ವಾಮಿ. ಯಾರಾರ ಮಾತಾಡ್ತಿದ್ರೆ?"

ನಿಜವಾಗಿಯೂ ಸೊಸೈಟಿಯವರು ಮಾತಾಡುತ್ತಿದ್ದರು. ಸಾಹೇಬರು ಇಳಿಸಿದರು. ಬೆಂಚಿನ ಮೇಲೆ ಕೂತು ಕಾದರು. ಆಮೇಲೆ ಎತ್ತಿ, ಕೇಳಿ, ಉದ್ದನೆಯ ಗಂಟೆ ಒಂದು ಕೊಟ್ಟರು. "ಎಕ್ಸ್‌ಚೇಂಜ್" ಎಂಬ ಆಪರೇಟರಮ್ಮನ ದನಿ ದೂರದಲ್ಲಿ ನಿಂತಿದ್ದ ನನಗೂ ಕೇಳಿಸಿತು. ಸಾಹೇಬರ ಹುಬ್ಬು ಮೇಲೆ ಹೋಯಿತು. ಯಾರೂ ನಡುವೆ ಎತ್ತಲಿಲ್ಲ. ಎತ್ತಿದರೆ ಕೇಳುವ ಸಣ್ಣ ಟಕ್ ಸದ್ದಿಗಾಗಿ ನಾನು ಹತ್ತಿರ ಬಂದು ಕಿವಿಗೊಟ್ಟು ಕಾದೆ, ಬರಲಿಲ್ಲ. ಸಾಹೇಬರಿಗೆ ಖುಷಿಯಾಗಿ ಬೆಂಗಳೂರಿನ ತಮ್ಮ ಕಚೇರಿಗೇ ಲೈನ್ ಕೇಳಿ, ಅಲ್ಲಿಯವರ ಜೊತೆ ಅದೂ ಇದೂ ಮಾತು ಬೆಳೆಸಿದರು. ನರ್ಸಮ್ಮ ಗೋಡೆ ಗಡಿಯಾರ ನೋಡಿದರು, ಇನ್ನೊಮ್ಮೆ ನೋಡಿದರು.

"ಲೈನ್ ಬಿಡಿ ಸ್ವಾಮಿ. ಬೇಕಾದೋರು ಕಾಯ್ತಿರ್ತಾರೆ."

ಸಾಹೇಬರು ರಿಸೀವರ್ ಇಳಿಸಿ ನರ್ಸಮ್ಮನನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕರು. ಜೀಪು ಹತ್ತುವಾಗ ನನ್ನನ್ನು ಕರೆದು, "ಆರು ಕಂಡೆನ್ಸರಿಗೆ ಇವತ್ತೇ ಇಂಡೆಂಟ್ ಕೊಡು, ಸೈನ್ ಹಾಕ್ತೀನಿ. ಲೈನ್ ಇರ್ಲಿ" ಅಂದರು. ಉರುಳೆ ಖಾಲಿಯೇ ವಾಪಸ್ ಹೋಯಿತು. ನಾನು ಅಲ್ಲೇ ಬೇಲಿ ಮರೆಗೆ ಹೋಗಿ ಅತ್ತೆ. ಹೇಳಿಕೊಳ್ಳಲು ಈಗ ನಾಚಿಕೆಯೇನಿಲ್ಲ.

ಅದಾಗಿ ಒಂಬತ್ತನೇ ದಿನ. ಬೆಳಗ್ಗೆ ಹತ್ತೂವರೆ, ಮಾರುಕಟ್ಟೆಯ ಗದ್ದಲದ ಹೊತ್ತು. ನಾನು ಎಕ್ಸ್‌ಚೇಂಜಿನಲ್ಲೇ ಇದ್ದೆ. ಶಟರ್ ಬಿತ್ತು, ಉದ್ದನೆಯ ಗಂಟೆ ಒಂದು.

"ನರ್ಸು. ಜೀಪು ಬೇಕು. ಮಗು ಅಡ್ಡ ಐತೆ."

ಆಪರೇಟರಮ್ಮ ಆಸ್ಪತ್ರೆಗೆ ಲೈನ್ ಕೊಟ್ಟರು. ಜೀಪು ಹೊರಟಿತು ಎಂಬ ಮಾತು ಬರುವವರೆಗೂ ನರ್ಸಮ್ಮ ಲೈನಿನಲ್ಲೇ ಇದ್ದರು. ಆ ಉದ್ದ ಗಂಟೆ ಐದು ಊರಿನಲ್ಲೂ ಬಡಿದಿತ್ತು. ಒಂದು ಟಕ್ ಸದ್ದೂ ಬರಲಿಲ್ಲ. ಅಂಗಡಿಯವನು ಕೂಡ ಎತ್ತಲಿಲ್ಲ. ಆದರೆ ಜೀಪು ಆ ದಾರಿಯಲ್ಲೇ ಹೋಗಿ ಬಂತಲ್ಲ, ಒಳಗೆ ಯಾರಿದ್ದಾರೆಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿತ್ತು. ಏನಾಯಿತೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮಾರನೇ ದಿನ ಒಂಬತ್ತಕ್ಕೆ ಸ್ವಲ್ಪ ಮುಂಚೆ ನರ್ಸಮ್ಮ ಆಸ್ಪತ್ರೆಯಿಂದ ನಡೆದು ಎಕ್ಸ್‌ಚೇಂಜಿಗೆ ಬಂದರು. ಸೀರೆ ಮುದ್ದೆಯಾಗಿತ್ತು, ಕಣ್ಣು ಕೆಂಪಗಿದ್ದವು. ಆಪರೇಟರಮ್ಮ ಕುರ್ಚಿ ಬಿಟ್ಟುಕೊಟ್ಟು, ತಾವೇ ಡಂಗುರದ ಗಂಟೆ ಕೊಟ್ಟರು. ಒಂದಾದ ಮೇಲೊಂದು ಟಕ್ ಟಕ್ ಎಂದು ಆರು ರಿಸೀವರ್ ಎತ್ತಿದ ಸದ್ದು ಕೇಳಿಸಿತು. ಆರನೆಯದು ನರ್ಸಮ್ಮನ ಕೋಣೆಯದೇ. ಅಲ್ಲಿ ಹೆರಿಗೆಗೆ ಹೋದ ಹೆಂಗಸಿನ ಮನೆಯವರು ಬೆಳಗಿನಿಂದ ಕಾದು ನಿಂತಿದ್ದರಂತೆ.

"ಹೆಣ್ಮಗು. ತಾಯಿ ಮಗು ಇಬ್ರೂ ಚೆನ್ನಾಗವ್ರೆ" ಅಂದರು ನರ್ಸಮ್ಮ. ಕಟ್ಟಳೆಯಂತೆ ಎರಡನೇ ಸಲ ಹೇಳಲು ಹೋದರು. ಆಗಲಿಲ್ಲ.

ಆರು ಊರಿನವರೂ ಒಟ್ಟಿಗೇ ಬಾಯಿ ಬಿಟ್ಟಿದ್ದರು. ಅಂಗಡಿಯವನು, ಸೆಕ್ರೆಟರಿ, ಚೇರ್ಮನ್ನರು, ಕೊನೆಯ ಊರಿನ ಕಡೆಯಿಂದ ಹೆಂಗಸರ ಕೂಗು, ಎಲ್ಲ ಕಲಸಿಹೋಗಿ ಒಂದೇ ಒಂದು ಮಾತೂ ಬಿಡಿಸಿ ಕೇಳುತ್ತಿರಲಿಲ್ಲ. ನರ್ಸಮ್ಮ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾ ರಿಸೀವರನ್ನು ನನ್ನ ಕಿವಿಗೆ ಹಿಡಿದರು. ನಾನು ಯಾರನ್ನೂ ಸುಮ್ಮನಿರಿ ಅನ್ನಲಿಲ್ಲ.